ಸಂಸದೀಯ ಸಮಿತಿ ಕೇಳಿದರೆ ಸರ್ಕಾರ ಯಾಕೆ ಉತ್ತರ ಕೊಡಬೇಕು?

2018ರ ಡಿಸೆಂಬರ್ 14ರಂದು ರಫೇಲ್ ವಿಮಾನ ಖರೀದಿಯ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು ಬಂತು. ತನಿಖೆ ಬೇಕಾಗಿಲ್ಲ ಅಂದಿತು ಕೋರ್ಟ್. ತೀರ್ಪಿನ ಒಳಗೆ ಒಂದು ಮಾತು ಹೀಗಿತ್ತು: ವಿಮಾನದ ಬೆಲೆಯ ವಿವರ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಗೆ ಹೋಗಿದೆ, ಸಿಎಜಿಯ ವರದಿಯನ್ನು ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ (ಪಿಎಸಿ) ಪರಿಶೀಲಿಸಿದೆ. ಆಗ ಆ ಸಮಿತಿಯ ಅಧ್ಯಕ್ಷರಾಗಿದ್ದವರು ಕಲಬುರಗಿಯ ಸಂಸದ ಮಲ್ಲಿಕಾರ್ಜುನ ಖರ್ಗೆ. ಅಂಥ ವರದಿ ಸಮಿತಿಯ ಮುಂದೆ ಬಂದೇ ಇಲ್ಲ ಅಂದುಬಿಟ್ಟರು ಅವರು.

ಮಾರನೇ ದಿನವೇ ಕೇಂದ್ರ ಸರ್ಕಾರ ಕೋರ್ಟಿಗೆ ಒಂದು ಅರ್ಜಿ ಹಾಕಿತು. ನಾವು ಮುಚ್ಚಿದ ಲಕೋಟೆಯಲ್ಲಿ ಕೊಟ್ಟ ಇಂಗ್ಲಿಷ್ ಟಿಪ್ಪಣಿಯಲ್ಲಿ ಪದ್ಧತಿ ಹೇಗಿದೆ ಅಂತ ಬರೆದಿದ್ದೆವು, ಕೋರ್ಟ್ ಅದನ್ನು ಆಗಿಹೋದ ಸಂಗತಿ ಅಂತ ಓದಿಕೊಂಡಿದೆ, ತಿದ್ದಿಕೊಳ್ಳಿ ಅನ್ನೋದು ಅರ್ಜಿಯ ಸಾರ. ಕನ್ನಡದಲ್ಲಿ ಹೇಳುವುದಾದರೆ 'ಪರಿಶೀಲಿಸುತ್ತದೆ' ಅಂತ ಬರೆದದ್ದು 'ಪರಿಶೀಲಿಸಿದೆ' ಆಗಿತ್ತು. ಸಿಎಜಿ ವರದಿ ಸಂಸತ್ತಿನಲ್ಲಿ ಮಂಡನೆಯಾದದ್ದು 2019ರ ಫೆಬ್ರುವರಿಯಲ್ಲಿ. ಅದರಲ್ಲೂ ಬೆಲೆಯ ಅಂಕಿಗಳನ್ನು ಮರೆಮಾಡಲಾಗಿತ್ತು.

ಒಂದು ಕ್ರಿಯಾಪದಕ್ಕೆ ಇಷ್ಟು ರಂಪ ಯಾಕಾಯಿತು? ಪಿಎಸಿ ನೋಡಿದೆ ಅಂದರೆ ವಿರೋಧ ಪಕ್ಷದವರೂ ಕೂತು ಲೆಕ್ಕ ನೋಡಿದ್ದಾರೆ ಅಂತ ಅರ್ಥ. ಆ ಮುದ್ರೆಗೆ ಅಷ್ಟು ಬೆಲೆ ಇದೆ. ಹಾಗಿದ್ದೂ ಇದೇ ಸಮಿತಿಗೆ ಯಾರನ್ನೂ ಜೈಲಿಗೆ ಹಾಕುವ ಅಧಿಕಾರ ಇಲ್ಲ, ದಂಡ ಹಾಕುವ ಅಧಿಕಾರ ಇಲ್ಲ, ಒಬ್ಬ ಗುಮಾಸ್ತರನ್ನು ವರ್ಗ ಮಾಡಿಸುವ ಅಧಿಕಾರವೂ ಇಲ್ಲ. ಶಿಫಾರಸು ಮಾಡಬಹುದು, ಅಷ್ಟೇ. ಆ ಶಿಫಾರಸನ್ನು ಸರ್ಕಾರ ಒಪ್ಪಲೇಬೇಕು ಅಂತ ಕಾನೂನೂ ಇಲ್ಲ. ಮತ್ತೆ ಅದರ ಬಲ ಎಲ್ಲಿಂದ ಬರುತ್ತದೆ? ನನಗೆ ತೋಚುವ ಉತ್ತರ ಸರಳ. ಸಮಿತಿ ಸರ್ಕಾರದ ಬಾಯಿ ಬಿಡಿಸಿ, ಬಾಯಿಂದ ಬಂದದ್ದನ್ನು ಕಾಗದದ ಮೇಲೆ ಇಳಿಸುತ್ತದೆ. ಆ ಕಾಗದವನ್ನು ಆಮೇಲೆ ಯಾರು ಎಲ್ಲಿ ಬಳಸಿಕೊಳ್ಳುತ್ತಾರೆ ಅನ್ನೋದು ಸರ್ಕಾರದ ಕೈಯಲ್ಲಿ ಇರುವುದಿಲ್ಲ.

ಟಿವಿಯಲ್ಲಿ ಕಾಣದ ಸಂಸತ್ತು

ನಮಗೆ ಟಿವಿಯಲ್ಲಿ ಕಾಣುವುದು ಸದನದ ಬಾವಿಗೆ ಇಳಿಯುವವರು, ಫಲಕ ಹಿಡಿಯುವವರು, 'ಕುಳಿತುಕೊಳ್ಳಿ' ಅಂತ ಕೂಗುವ ಸ್ಪೀಕರ್. ಕೆಲಸದ ದೊಡ್ಡ ಪಾಲು ನಡೆಯುವುದು ಬೇರೆ ಕಡೆ. ಬಜೆಟ್ಟನ್ನೇ ತೆಗೆದುಕೊಳ್ಳಿ. ಒಂದೊಂದು ಸಚಿವಾಲಯಕ್ಕೂ ಇಷ್ಟಿಷ್ಟು ಹಣ ಬೇಕು ಅಂತ ಸರ್ಕಾರ ಕೇಳುತ್ತದೆ, ಲೋಕಸಭೆ ಚರ್ಚಿಸಿ ಒಪ್ಪಬೇಕು. 2018ರಲ್ಲಿ ಒಂದೇ ಒಂದು ಸಚಿವಾಲಯದ ಬೇಡಿಕೆಯೂ ಚರ್ಚೆಗೆ ಬರಲಿಲ್ಲ. ಗದ್ದಲದ ನಡುವೆ ಎಲ್ಲವನ್ನೂ ಒಟ್ಟಿಗೆ ಮತಕ್ಕೆ ಹಾಕಿ ಮುಗಿಸಿದರು. 2023ರಲ್ಲೂ ಹಾಗೇ ಆಯಿತು. ಇಷ್ಟು ಲಕ್ಷ ಕೋಟಿ ರೂಪಾಯಿ ಹೀಗೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಪಾಸಾದರೆ ಲೆಕ್ಕ ಕೇಳಿದವರು ಯಾರು?

ಕೇಳಿದವರು ಸ್ಥಾಯಿ ಸಮಿತಿಯವರು, ಅಂದರೆ ಒಂದೊಂದು ಇಲಾಖೆಯ ಕೆಲಸ ನೋಡುವ ಸಂಸದರ ಗುಂಪು. ಬಜೆಟ್ ಮಂಡನೆಯಾದ ಮೇಲೆ ಸದನಕ್ಕೆ ಕೆಲವು ವಾರ ಬಿಡುವು ಇರುತ್ತದಲ್ವಾ, ಅದು ಇದಕ್ಕಾಗಿಯೇ ಕೊಡುವ ಬಿಡುವು. ಈಗ ಇಂಥ 24 ಇಲಾಖಾ ಸ್ಥಾಯಿ ಸಮಿತಿಗಳಿವೆ. 1989ರಲ್ಲಿ ಮೂರರಿಂದ ಶುರುವಾಯಿತು, 1993ರಲ್ಲಿ 17 ಆಯಿತು, 2004ರಲ್ಲಿ 24. ಒಂದೊಂದರಲ್ಲಿ 31 ಮಂದಿ: 21 ಲೋಕಸಭೆಯವರು, 10 ರಾಜ್ಯಸಭೆಯವರು. ಸಚಿವರು ಇದರಲ್ಲಿ ಇರುವಂತಿಲ್ಲ. ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ, ಅಂದರೆ ವಿಪ್, ಇಲ್ಲಿ ನಡೆಯುವುದಿಲ್ಲ, ಆಡಳಿತ ಪಕ್ಷದವರು ಸರ್ಕಾರಕ್ಕೆ ಇರುಸುಮುರುಸಾಗುವ ಪ್ರಶ್ನೆ ಕೇಳಿದರೆ ಸದಸ್ಯತ್ವ ಹೋಗುವುದಿಲ್ಲ.

ಲೆಕ್ಕಪತ್ರ ಸಮಿತಿ ಇವಕ್ಕಿಂತ ಹಳೆಯದು, ಬ್ರಿಟಿಷರ ಕಾಲದ್ದು. 1921ರಲ್ಲಿ ಹುಟ್ಟಿತು. 22 ಸದಸ್ಯರು. ಸಿಎಜಿ ವರದಿಯನ್ನು ಮುಂದಿಟ್ಟುಕೊಂಡು, ಖರ್ಚಾದ ಹಣ ಹೇಗೆ ಖರ್ಚಾಯಿತು ಅಂತ ಕೇಳುವುದು ಇದರ ಕೆಲಸ. 1967ರಿಂದ ಇದರ ಅಧ್ಯಕ್ಷಗಿರಿ ವಿರೋಧ ಪಕ್ಷಕ್ಕೆ ಹೋಗುತ್ತಿದೆ, ಮೊದಲು ಕೂತವರು ಮಿನೂ ಮಸಾನಿ. ಇದು ಎಲ್ಲೂ ಬರೆದಿಟ್ಟ ನಿಯಮ ಅಲ್ಲ, ನಡೆದುಕೊಂಡು ಬಂದ ರೂಢಿ. ಇದರ ಜೊತೆಗೆ ಅಂದಾಜು ಸಮಿತಿ, ಸಾರ್ವಜನಿಕ ಉದ್ದಿಮೆಗಳ ಸಮಿತಿ, ಭರವಸೆಗಳ ಸಮಿತಿ ಅಂತ ಇನ್ನೂ ಹಲವು ಇವೆ. ಸಚಿವರು ಸದನದಲ್ಲಿ 'ಪರಿಶೀಲಿಸುತ್ತೇವೆ' ಅಂತ ಹೇಳಿ ಮರೆತದ್ದನ್ನು ನೆನಪಿಸುವುದಕ್ಕೇ ಒಂದು ಸಮಿತಿ ಇದೆ ಅನ್ನೋದು ನನಗೆ ಇಷ್ಟವಾದ ಸಂಗತಿ.

ಕೋಣೆಯೊಳಗೆ

ಸಭೆಗೆ ಮುಂಚೆ ಸಮಿತಿಯ ಕಚೇರಿ ಇಲಾಖೆಗೆ ಪ್ರಶ್ನೆಗಳ ಉದ್ದನೆಯ ಪಟ್ಟಿ ಕಳಿಸುತ್ತದೆ. ಇಲಾಖೆ ಲಿಖಿತ ಉತ್ತರ ಕೊಡುತ್ತದೆ. ಆಮೇಲೆ ಕಾರ್ಯದರ್ಶಿಯೇ ಬಂದು ಕೂರಬೇಕು, ಹಿಂದೆ ಫೈಲು ಹಿಡಿದ ಅಧಿಕಾರಿಗಳ ಸಾಲು. ಬಾಗಿಲು ಮುಚ್ಚಿರುತ್ತದೆ, ಕ್ಯಾಮೆರಾ ಇರುವುದಿಲ್ಲ. ಸದನದಲ್ಲಿ ಸಚಿವರು ಎರಡು ನಿಮಿಷ ಮಾತಾಡಿ ಜಾರಿಕೊಳ್ಳಬಹುದು. ಇಲ್ಲಿ ಎರಡು ಗಂಟೆ ಜಾರುವುದು ಕಷ್ಟ. ಉತ್ತರ ಗೊತ್ತಿಲ್ಲದಿದ್ದರೆ 'ಬರೆದು ಕಳಿಸುತ್ತೇವೆ' ಅನ್ನಬಹುದು, ಅಂದಮೇಲೆ ಬರೆದು ಕಳಿಸಲೇಬೇಕು. ಮಾತಾಡಿದ್ದಕ್ಕಿಂತ ಹೀಗೆ ಬರೆದು ಕಳಿಸಿದ್ದೇ ಎಷ್ಟೋ ಸಲ ಜಾಸ್ತಿ ಕೆಲಸಕ್ಕೆ ಬರುತ್ತದೆ.

ನೋಟು ರದ್ದತಿಯ ಉದಾಹರಣೆ ನೋಡಿ. 2016ರ ನವೆಂಬರ್ 8ರ ರಾತ್ರಿಯ ಘೋಷಣೆ ಆದ ಮೇಲೆ ಸರ್ಕಾರದ ಕಡೆಯಿಂದ ಸಂಸತ್ತಿನಲ್ಲಿ ಬಂದ ಮಾತು: ರಿಸರ್ವ್ ಬ್ಯಾಂಕಿನ ಮಂಡಳಿ ತೀರ್ಮಾನ ಮಾಡಿತು, ಸರ್ಕಾರ ಒಪ್ಪಿತು. ಆಗ ಹಣಕಾಸು ಸ್ಥಾಯಿ ಸಮಿತಿಯ ಅಧ್ಯಕ್ಷರು ಚಿಕ್ಕಬಳ್ಳಾಪುರದ ಸಂಸದ ಎಂ. ವೀರಪ್ಪ ಮೊಯಿಲಿ. ಸಮಿತಿ ಕೇಳಿದ್ದಕ್ಕೆ ಆರ್‌ಬಿಐ ಏಳು ಪುಟದ ಟಿಪ್ಪಣಿ ಕಳಿಸಿತು. ದೊಡ್ಡ ನೋಟುಗಳನ್ನು ಹಿಂದಕ್ಕೆ ತೆಗೆದುಕೊಳ್ಳುವ ಬಗ್ಗೆ ಯೋಚಿಸಿ ಅಂತ ನವೆಂಬರ್ 7ರಂದು ಸರ್ಕಾರವೇ ಸಲಹೆ ಕೊಟ್ಟಿತ್ತು, ಮರುದಿನ ಮಂಡಳಿ ಸೇರಿ ಶಿಫಾರಸು ಮಾಡಿತು ಅಂತ ಅದರಲ್ಲಿತ್ತು. ಯಾರು ಮೊದಲು ಹೇಳಿದರು ಅನ್ನುವ ಪ್ರಶ್ನೆಗೆ ದಿನಾಂಕ ಸಮೇತ ಉತ್ತರ ಸಿಕ್ಕಿತು. ಸದನದಲ್ಲಿ ಅದೆಷ್ಟು ದಿನ ಕೂಗಿದ್ದರೂ ಅದು ಸಿಗುತ್ತಿರಲಿಲ್ಲ.

2017ರ ಜನವರಿಯಲ್ಲಿ ಗವರ್ನರ್ ಊರ್ಜಿತ್ ಪಟೇಲ್ ಅದೇ ಸಮಿತಿಯ ಮುಂದೆ ಬಂದರು. ಎಷ್ಟು ಹಳೆಯ ನೋಟು ವಾಪಸ್ ಬಂತು ಅಂತ ಕೇಳಿದ್ದಕ್ಕೆ ಅಂಕಿ ಕೊಡಲಿಲ್ಲ. ಅದು ಹೊರಬಿದ್ದದ್ದು ಆ ವರ್ಷದ ಆಗಸ್ಟ್‌ನಲ್ಲಿ, ಆರ್‌ಬಿಐ ವಾರ್ಷಿಕ ವರದಿಯಲ್ಲಿ: 15.44 ಲಕ್ಷ ಕೋಟಿಯಲ್ಲಿ 15.28 ಲಕ್ಷ ಕೋಟಿ. ಹಾಗಾಗಿ ಸಮಿತಿ ಕರೆದ ಮಾತ್ರಕ್ಕೆ ಎಲ್ಲರೂ ಎಲ್ಲವನ್ನೂ ಹೇಳಿಬಿಡುತ್ತಾರೆ ಅಂದುಕೊಳ್ಳಬೇಡಿ. ದೇಶದ ಭದ್ರತೆಗೆ ಅಥವಾ ಹಿತಕ್ಕೆ ಧಕ್ಕೆ ಅಂತ ಹೇಳಿ ಸರ್ಕಾರ ದಾಖಲೆ ಕೊಡದೇ ಇರುವುದಕ್ಕೂ ನಿಯಮದಲ್ಲೇ ದಾರಿ ಇದೆ.

ಆಡಳಿತ ಪಕ್ಷದವರೇ ಅಧ್ಯಕ್ಷರಾಗಿದ್ದರೆ ಸಮಿತಿ ಸುಮ್ನೆ ತಲೆಯಾಡಿಸುತ್ತದೆ ಅಂತ ನಾನೂ ಅಂದುಕೊಂಡಿದ್ದೆ. 2018ರ ಮಾರ್ಚ್‌ನ ರಕ್ಷಣಾ ಸಮಿತಿ ವರದಿ ಓದಿದ ಮೇಲೆ ಅಭಿಪ್ರಾಯ ಬದಲಾಯಿತು. ಅಧ್ಯಕ್ಷರು ಬಿಜೆಪಿಯ ಬಿ.ಸಿ. ಖಂಡೂರಿ, ಸ್ವತಃ ನಿವೃತ್ತ ಮೇಜರ್ ಜನರಲ್. ಸೇನೆಯ ಉಪಮುಖ್ಯಸ್ಥರು ಅವರ ಮುಂದೆ ಬಂದು, ನಮ್ಮ ಸಲಕರಣೆಗಳಲ್ಲಿ ಶೇ 68ರಷ್ಟು ಹಳೇ ಕಾಲದವು, ಇತ್ತೀಚಿನ ತಂತ್ರಜ್ಞಾನದವು ಬರೀ ಶೇ 8, ಈ ಬಜೆಟ್ ನಮ್ಮ ಆಸೆಗೆ ತಣ್ಣೀರೆರಚಿದೆ ಅನ್ನುವ ಅರ್ಥದ ಮಾತು ಹೇಳಿದರು. ಸಮಿತಿ ಅದನ್ನು ಮುಚ್ಚಿಡದೆ ವರದಿಯಲ್ಲಿ ಅಚ್ಚು ಹಾಕಿಸಿತು. ಅದೇ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷರ ಕುರ್ಚಿ ಖಂಡೂರಿ ಅವರಿಂದ ಕಲ್‌ರಾಜ್ ಮಿಶ್ರಾ ಅವರಿಗೆ ಹೋಯಿತು. ಈ ಸಮಿತಿಗಳ ಅವಧಿ ಒಂದೇ ವರ್ಷ ಅನ್ನೋದನ್ನು ಇಲ್ಲಿ ನೆನಪಿಟ್ಟುಕೊಳ್ಳಿ.

ಐವತ್ತೊಂಬತ್ತನೇ ವರದಿ

ನಾನು ಯಾರಿಗಾದರೂ ಒಂದೇ ಒಂದು ಸಮಿತಿ ವರದಿ ಓದಿ ಅಂತ ಹೇಳುವುದಾದರೆ ಆರೋಗ್ಯ ಸ್ಥಾಯಿ ಸಮಿತಿಯ 59ನೇ ವರದಿಯನ್ನು ಹೇಳುತ್ತೇನೆ. 2012ರ ಮೇ ತಿಂಗಳಿನದು. ವಿಷಯ: ನಾವು ನುಂಗುವ ಮಾತ್ರೆಗೆ ಒಪ್ಪಿಗೆ ಕೊಡುವ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಹೇಗೆ ಕೆಲಸ ಮಾಡುತ್ತಿದೆ.

ಹೊಸ ಔಷಧಿಗೆ ಒಪ್ಪಿಗೆ ಕೊಡುವ ಮುಂಚೆ ತಜ್ಞ ವೈದ್ಯರ ಅಭಿಪ್ರಾಯ ಕೇಳುತ್ತಾರೆ. ಸಮಿತಿ ಆ ಪತ್ರಗಳನ್ನೇ ತರಿಸಿಕೊಂಡು ಒಂದರ ಪಕ್ಕ ಒಂದು ಇಟ್ಟು ಓದಿತು. ಬೇರೆ ಬೇರೆ ಊರಿನ, ಬೇರೆ ಬೇರೆ ಆಸ್ಪತ್ರೆಯ ವೈದ್ಯರು ಬರೆದ ಪತ್ರಗಳು ಪದಕ್ಕೆ ಪದ ಒಂದೇ ಆಗಿದ್ದವು! ಪರೀಕ್ಷೆಯಲ್ಲಿ ಹಿಂದಿನ ಬೆಂಚಿನ ಹುಡುಗರು ಕಾಪಿ ಹೊಡೆದ ಹಾಗೆ. ಇವನ್ನು ಬರೆದದ್ದು ಔಷಧ ಕಂಪನಿಗಳ ಕಾಣದ ಕೈ, ತಜ್ಞರು ಸಹಿ ಹಾಕಿ ಕೊಟ್ಟಿದ್ದಾರೆ ಅನ್ನುವ ತೀರ್ಮಾನಕ್ಕೆ ಸಮಿತಿ ಬಂತು. ಭಾರತದಲ್ಲಿ ರೋಗಿಗಳ ಮೇಲೆ ಪ್ರಯೋಗವೇ ಆಗದೆ ಒಪ್ಪಿಗೆ ಪಡೆದ ಔಷಧಿಗಳ ವಿವರವನ್ನೂ ಬಯಲಿಗೆಳೆಯಿತು.

ಇದನ್ನು ಕಂಡುಹಿಡಿದವರು ಪೊಲೀಸರಲ್ಲ, ಪತ್ರಕರ್ತರಲ್ಲ. ಫೈಲು ತರಿಸಿಕೊಳ್ಳುವ ಹಕ್ಕಿದ್ದ, ಅದನ್ನು ತಾಳ್ಮೆಯಿಂದ ಓದಿದ ಸಂಸದರು ಮತ್ತು ಅವರ ಕಚೇರಿಯ ಸಿಬ್ಬಂದಿ. ವರದಿ ಹೊರಬಿದ್ದ ಮೇಲೆ ಆರೋಗ್ಯ ಸಚಿವಾಲಯ ತಜ್ಞರ ಸಮಿತಿ ನೇಮಿಸಬೇಕಾಯಿತು.

ಮರುವರ್ಷ ಅದೇ ಸಮಿತಿ ಇನ್ನೊಂದು ವರದಿ ಕೊಟ್ಟಿತು. ಆಗ ಆಂಧ್ರದಲ್ಲಿದ್ದ ಖಮ್ಮಂ ಮತ್ತು ಗುಜರಾತಿನ ವಡೋದರದಲ್ಲಿ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿದ ಯೋಜನೆಯ ಬಗ್ಗೆ. ಅಪ್ಪ ಅಮ್ಮ ಹಾಕಬೇಕಾದ ಒಪ್ಪಿಗೆ ಸಹಿಯನ್ನು ಎಷ್ಟೋ ಕಡೆ ಹಾಸ್ಟೆಲ್ ವಾರ್ಡನ್‌ಗಳು ಹಾಕಿದ್ದರು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ಹೊಸ ಪ್ರಶ್ನೆ ಎದ್ದಿತು: ಸಂಸತ್ತಿನ ಸಮಿತಿಯ ವರದಿಯನ್ನು ಕೋರ್ಟಿನಲ್ಲಿ ಓದಬಹುದಾ? ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2018ರ ಮೇ 9ರಂದು ಉತ್ತರ ಕೊಟ್ಟಿತು. ಓದಬಹುದು, ಅದರ ನೆರವು ಪಡೆಯಬಹುದು. ವರದಿಯೇ ತಪ್ಪು ಅಂತ ಪ್ರಶ್ನಿಸುವಂತಿಲ್ಲ. ಅಂದರೆ ಸರ್ಕಾರ ಮೂಲೆಗೆ ಎಸೆದ ವರದಿಯೂ ಯಾರದೋ ವಕೀಲರ ಕೈಯಲ್ಲಿ ಮತ್ತೆ ಜೀವ ಪಡೆಯಬಹುದು.

ಮಸೂದೆ ಸಮಿತಿಗೆ ಹೋದರೆ

ಕಾನೂನಿನ ವಿಷಯದಲ್ಲಿ ಸಮಿತಿಯ ಕೈಚಳಕ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಬಾಡಿಗೆ ತಾಯ್ತನದ ಮಸೂದೆಯನ್ನು ಲೋಕಸಭೆ 2019ರ ಆಗಸ್ಟ್‌ನಲ್ಲಿ ಪಾಸು ಮಾಡಿತ್ತು. ಅದರ ಪ್ರಕಾರ ಮದುವೆಯಾಗಿ ಐದು ವರ್ಷ ಮಕ್ಕಳಾಗದ ದಂಪತಿಗೆ ಮಾತ್ರ ಅವಕಾಶ, ಮಗು ಹೆತ್ತುಕೊಡುವವಳು ಹತ್ತಿರದ ಸಂಬಂಧಿಯೇ ಆಗಿರಬೇಕು. ರಾಜ್ಯಸಭೆ ಅದನ್ನು ಆಯ್ಕೆ ಸಮಿತಿಗೆ, ಅಂದರೆ ಆ ಒಂದು ಮಸೂದೆಗಾಗಿಯೇ ರಚಿಸುವ ಸಮಿತಿಗೆ, ಕಳಿಸಿತು. ಹೆಂಡತಿಯ ತಂಗಿಯೋ ಗಂಡನ ಅಕ್ಕನೋ ಹೆತ್ತುಕೊಡಬೇಕು ಅಂತ ಹೇಳಿದರೆ ನಮ್ಮ ಮನೆಗಳಲ್ಲಿ ಆಮೇಲೆ ಏನೇನು ನಡೆಯುತ್ತದೆ ಅಂತ ವಿವರಿಸಬೇಕಿಲ್ಲ ತಾನೆ? 2020ರ ಫೆಬ್ರುವರಿಯಲ್ಲಿ ಸಮಿತಿ ವರದಿ ಬಂತು. ಸಂಬಂಧಿ ಅನ್ನುವ ಷರತ್ತು ಬಿಡಿ, ಮನಸ್ಸಿರುವ ಹೆಂಗಸಾದರೆ ಸಾಕು ಅಂದಿತು. ಐದು ವರ್ಷದ ಕಾಯುವಿಕೆ ತೆಗೆಯಿರಿ ಅಂದಿತು. 35ರಿಂದ 45 ವಯಸ್ಸಿನ ವಿಧವೆಯರಿಗೂ ವಿಚ್ಛೇದಿತರಿಗೂ ಅವಕಾಶ ಕೊಡಿ, ಹೆತ್ತುಕೊಡುವವಳ ವಿಮೆಯನ್ನು 16 ತಿಂಗಳಿಂದ 36 ತಿಂಗಳಿಗೆ ಏರಿಸಿ ಅಂದಿತು. 2021ರ ಕಾನೂನಿನಲ್ಲಿ ಇವೆಲ್ಲ ಸೇರಿವೆ. ಹೆತ್ತುಕೊಡುವವಳಿಗೆ ಪರಿಹಾರದ ಹಣ ಕೊಡುವ ಬಾಡಿಗೆ ತಾಯ್ತನಕ್ಕೆ ಅವಕಾಶ ಬೇಕು ಅಂತ ಅದಕ್ಕೂ ಹಿಂದೆ 2017ರಲ್ಲಿ ಆರೋಗ್ಯ ಸ್ಥಾಯಿ ಸಮಿತಿ ಹೇಳಿದ್ದನ್ನು ಮಾತ್ರ ಸರ್ಕಾರ ಒಪ್ಪಲಿಲ್ಲ.

ಮಸೂದೆ ಸಮಿತಿಗೆ ಹೋಗದಿದ್ದರೆ? 2020ರ ಮೂರು ಕೃಷಿ ಕಾನೂನುಗಳು ಯಾವ ಸಮಿತಿಗೂ ಹೋಗಲಿಲ್ಲ. ಅಲ್ಲಿ ರೈತ ಸಂಘಟನೆಗಳನ್ನು ಕರೆದು ಕೇಳಬಹುದಿದ್ದ ಮಾತನ್ನು ದೆಹಲಿಯ ಗಡಿಯಲ್ಲಿ ಒಂದು ವರ್ಷ ಕೇಳಬೇಕಾಯಿತು. 2021ರ ನವೆಂಬರ್‌ನಲ್ಲಿ ಕಾನೂನು ವಾಪಸಾಯಿತು. ಸಮಿತಿಗೆ ಹೋಗಿದ್ದರೆ ಗಲಾಟೆಯೇ ಆಗುತ್ತಿರಲಿಲ್ಲ ಅಂತ ನಾನು ಹೇಳುವುದಿಲ್ಲ, ಆದರೆ ಸರ್ಕಾರಕ್ಕೆ ಎದುರಿಗಿರುವುದು ಏನು ಅಂತ ಮೊದಲೇ ಗೊತ್ತಾಗುತ್ತಿತ್ತು. 15ನೇ ಲೋಕಸಭೆಯಲ್ಲಿ ನೂರಕ್ಕೆ 71 ಮಸೂದೆ ಸಮಿತಿಗೆ ಹೋಗಿದ್ದವು. 17ನೆಯದರಲ್ಲಿ 16. ಕಳಿಸುವುದು ಕಡ್ಡಾಯ ಅಲ್ಲ ಅನ್ನೋದೇ ಇದರ ಮೂಲ.

ಕಳಿಸಿದರೂ ಪಕ್ಷದ ಗೋಡೆ ಅಡ್ಡ ನಿಂತರೆ ಕಥೆ ಮುಗಿಯಿತು. 2024ರ ವಕ್ಫ್ ಮಸೂದೆಗೆ ಎರಡೂ ಸದನದವರು ಸೇರಿ ಕೂತ ಜಂಟಿ ಸಮಿತಿಗೆ 97 ಲಕ್ಷಕ್ಕೂ ಹೆಚ್ಚು ಮನವಿಗಳು ಬಂದವು. ಕೊನೆಗೆ ವರದಿ ಪಾಸಾದದ್ದು 15–11 ಮತಗಳಲ್ಲಿ, ವಿರೋಧ ಪಕ್ಷದವರು ಭಿನ್ನಾಭಿಪ್ರಾಯ ಬರೆದಿಟ್ಟರು. ಕಾಂಗ್ರೆಸ್ ಕಾಲವೂ ಬೇರೆ ಇರಲಿಲ್ಲ. ಬೊಫೋರ್ಸ್ ಫಿರಂಗಿ ಖರೀದಿಯ ಜಂಟಿ ಸಮಿತಿಯ ಅಧ್ಯಕ್ಷರು ಚಿಕ್ಕೋಡಿಯ ಬಿ. ಶಂಕರಾನಂದ. ವಿರೋಧ ಪಕ್ಷಗಳು ಅದನ್ನು ಬಹಿಷ್ಕರಿಸಿದ್ದವು, ಅವರ ವರದಿ ಸರ್ಕಾರಕ್ಕೆ ಕ್ಲೀನ್‌ಚಿಟ್ ಕೊಟ್ಟಿತು, ಜನ ನಂಬಲಿಲ್ಲ. 2ಜಿ ತರಂಗಗುಚ್ಛ ಹಂಚಿಕೆಯ ವಿಷಯದಲ್ಲಿ 2011ರ ಏಪ್ರಿಲ್‌ನಲ್ಲಿ ಲೆಕ್ಕಪತ್ರ ಸಮಿತಿಯ ಸಭೆಯೇ ಒಡೆಯಿತು. ಅಧ್ಯಕ್ಷ ಮುರಳಿ ಮನೋಹರ ಜೋಶಿ ಎದ್ದುಹೋದ ಮೇಲೆ ಇನ್ನೊಂದು ಬಣ ಬೇರೊಬ್ಬರನ್ನು ಕುರ್ಚಿಯಲ್ಲಿ ಕೂರಿಸಿ ಕರಡು ವರದಿಯನ್ನು ತಿರಸ್ಕರಿಸಿತು. ನನ್ನ ಅನುಭವದ ಲೆಕ್ಕ ಇಷ್ಟು: ವಿಷಯ ಎಷ್ಟು ದೊಡ್ಡ ಹಗರಣವೋ ಸಮಿತಿ ಅಷ್ಟು ಬೇಗ ಪಕ್ಷಗಳಾಗಿ ಒಡೆಯುತ್ತದೆ. ಔಷಧ, ವಿಮೆ, ರೈಲ್ವೆ ಸುರಕ್ಷತೆ ತರಹದ ಬೇಜಾರಿನ ವಿಷಯಗಳಲ್ಲೇ ಅದು ಚೆನ್ನಾಗಿ ಕೆಲಸ ಮಾಡುವುದು.

ವರದಿ ಬಂದ ಮೇಲೆ ಮೂರು ತಿಂಗಳೊಳಗೆ ಸರ್ಕಾರ ಉತ್ತರ ಕೊಡಬೇಕು. ಆ ಉತ್ತರಗಳನ್ನು ಸಮಿತಿ ವಿಂಗಡಿಸಿ ಇನ್ನೊಂದು ವರದಿ ಮಾಡುತ್ತದೆ. ಅದರ ಅಧ್ಯಾಯಗಳ ಕ್ರಮ ಪ್ರತಿ ಸಲವೂ ಒಂದೇ. ನಾನು ಯಾವಾಗಲೂ ಮೊದಲು ತೆಗೆಯುವುದು ನಾಲ್ಕನೇ ಅಧ್ಯಾಯ: ಸರ್ಕಾರದ ಉತ್ತರವನ್ನು ಸಮಿತಿ ಒಪ್ಪದೇ ಇರುವ ಶಿಫಾರಸುಗಳು. ಜಗಳ ಎಲ್ಲಿದೆ ಅಂತ ಅಲ್ಲಿ ಗೊತ್ತಾಗುತ್ತದೆ. ಇದರ ಮೇಲೆ 2004ರಿಂದ ಸಚಿವರು ಆರು ತಿಂಗಳಿಗೊಮ್ಮೆ ಸದನದಲ್ಲಿ ಎದ್ದು ನಿಂತು, ಎಷ್ಟು ಶಿಫಾರಸು ಜಾರಿಯಾಯಿತು ಅಂತ ಹೇಳಿಕೆ ಕೊಡಬೇಕು.

ಬೆಂಗಳೂರಿನ 27 ಸಾವಿರ ಎಕರೆ

ನಮ್ಮ ವಿಧಾನಸೌಧದಲ್ಲೂ ಇದೇ ಆಟ, ಇದೇ ನಿಯಮ. 2020ರ ಮೇನಲ್ಲಿ ಎಚ್.ಕೆ. ಪಾಟೀಲ ಅಧ್ಯಕ್ಷತೆಯ ಲೆಕ್ಕಪತ್ರ ಸಮಿತಿ ಕೊರೊನಾ ಸಲಕರಣೆ ಖರೀದಿಯನ್ನು ಸ್ಥಳಕ್ಕೇ ಹೋಗಿ ನೋಡಲು ಹೊರಟಿತ್ತು. ಸೋಂಕಿನ ಕಾಲ, ಯಾವ ಸಮಿತಿಯೂ ಪ್ರವಾಸ, ತಪಾಸಣೆ ಮಾಡಬೇಡಿ ಅಂತ ಸ್ಪೀಕರ್ ಆದೇಶ ಬಂತು. ಸಮಿತಿ ಎಷ್ಟು ದೂರ ನಡೆಯಬಹುದು ಅನ್ನೋದು ಸ್ಪೀಕರ್ ಕೈಯಲ್ಲೂ ಇರುತ್ತದೆ.

ಇನ್ನೊಂದು ಕಥೆ ಹಳೆಯದು. ಅರಕಲಗೂಡಿನ ಶಾಸಕ ಎ.ಟಿ. ರಾಮಸ್ವಾಮಿ ಅಧ್ಯಕ್ಷತೆಯ ಜಂಟಿ ಸದನ ಸಮಿತಿ ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಜಮೀನಿನ ಒತ್ತುವರಿಯನ್ನು ನೋಡಿತು. 2007ರಲ್ಲಿ ವರದಿ ಕೊಟ್ಟಿತು. 27 ಸಾವಿರಕ್ಕೂ ಹೆಚ್ಚು ಎಕರೆ ಒತ್ತುವರಿ ಅಂದಿತು. ವರದಿಯ ಗತಿ ನಿಮಗೆ ಗೊತ್ತೇ ಇದೆ, ಕಪಾಟು ಸೇರಿತು. ಆದರೆ ಅಲ್ಲಿ ಉಳಿಯಲಿಲ್ಲ. ನಿವೃತ್ತ ಐಎಎಸ್ ಅಧಿಕಾರಿ ವಿ. ಬಾಲಸುಬ್ರಮಣಿಯನ್ ಅವರ ಕಾರ್ಯಪಡೆ ಆ ಕೆಲಸವನ್ನು ಮುಂದುವರಿಸಿ 2011ರಲ್ಲಿ ತನ್ನ ವರದಿ ಕೊಟ್ಟಿತು. ಭೂಕಬಳಿಕೆ ನಿಷೇಧ ಕಾಯ್ದೆ ಬಂತು. 2014ರಲ್ಲಿ ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ ತೊಂಬತ್ತು ದಾಟಿದ ವಯಸ್ಸಿನಲ್ಲಿ ಧರಣಿ ಕೂತರು, ರಾಮಸ್ವಾಮಿಯವರೂ ಜೊತೆಗಿದ್ದರು. ತಾವೇ ಬರೆದ ವರದಿ ಜಾರಿಯಾಗಲಿ ಅಂತ ಒಬ್ಬ ಸಮಿತಿ ಅಧ್ಯಕ್ಷರು ಬೀದಿಯಲ್ಲಿ ಕೂತದ್ದು ಅದು. ಭೂಕಬಳಿಕೆಯ ವಿಶೇಷ ನ್ಯಾಯಾಲಯ ಶುರುವಾದದ್ದು 2016ರಲ್ಲಿ, ವರದಿ ಬಂದು ಒಂಬತ್ತು ವರ್ಷಕ್ಕೆ.